ಅಚ್ಚಾಗದ ಮೀನಿನ ಕಥೆ, 700 ಅಕ್ಷರದಲ್ಲಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರಲ್ಲಿ ಒಂದೇ ಒಂದು ರಿಸರ್ಚ್ ಪೇಪರ್ ಇಲ್ಲ. ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದಾಗ ಇರಲಿಲ್ಲ, ಸೀಟು ಸಿಕ್ಕ ದಿನ ಇರಲಿಲ್ಲ, ಈಗಲೂ ಇಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಲ್ಲಿ ನ್ಯೂಜೆರ್ಸಿಯಲ್ಲಿ ಯುಗಾದಿಗೋ ಗಣೇಶನ ಹಬ್ಬಕ್ಕೋ ನಾಲ್ಕು ಕನ್ನಡದವರು ಸೇರಿದರೆ ಸಾಕು, ಪ್ರೀ-ಮೆಡ್, ಅಂದರೆ ಮೆಡಿಕಲ್ ಸೇರುವ ಮೊದಲಿನ ಡಿಗ್ರಿ, ಓದುವ ಮಕ್ಕಳಿರುವ ಯಾರಾದರೂ ಒಬ್ಬ ಆಂಟಿ ತಟ್ಟೆ ಹಿಡಿದುಕೊಂಡೇ ನನ್ನ ಪಕ್ಕ ಬಂದು ಕೂರುತ್ತಾರೆ, ಬಿಸಿಬೇಳೆಬಾತ್ ಆರುವ ಮೊದಲೇ ಕೇಳುತ್ತಾರೆ: "ನಿಂಗೆ ಎಷ್ಟು ಪಬ್ಲಿಕೇಷನ್ ಇತ್ತಮ್ಮಾ?" ಸೊನ್ನೆ ಅಂದರೆ ನಂಬುವುದಿಲ್ಲ. ಏನೋ ಮುಚ್ಚಿಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡೋಣ ಅನಿಸಿತು.

ನಾನು ತುಮಕೂರಿನಲ್ಲಿ ಏಳನೇ ಕ್ಲಾಸ್ ಮುಗಿಸಿ ಅಪ್ಪನ ಕೆಲಸದ ಹಿಂದೆ ಇಲ್ಲಿಗೆ ಬಂದವಳು. ಗ್ರೀನ್ ಕಾರ್ಡ್ ಬಂದದ್ದು ನನಗೆ ಇಪ್ಪತ್ತೊಂದು ತುಂಬಲು ಕೆಲವೇ ತಿಂಗಳು ಬಾಕಿ ಇದ್ದಾಗ. ಬರದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಯಾಕೆಂದರೆ ಇಲ್ಲಿನ ಬಹಳಷ್ಟು ಮೆಡಿಕಲ್ ಕಾಲೇಜುಗಳು ವೀಸಾ ಮೇಲಿರುವವರ ಅರ್ಜಿಯನ್ನು ತೆಗೆದುಕೊಳ್ಳುವುದೇ ಇಲ್ಲ. ಅದು ಬೇರೆ ಸಂಕಟ, ಇನ್ನೊಂದು ದಿನ.

ಮೈಸೂರಿನಲ್ಲಿ ಡಾಕ್ಟರ್ ಆಗಿರುವ ನನ್ನ ಸೋದರಮಾವನಿಗೆ ಇಲ್ಲಿಯ ಪದ್ಧತಿ ಇವತ್ತಿಗೂ ತಲೆಗೆ ಹತ್ತಿಲ್ಲ. ಅಲ್ಲಿ ನೀಟ್ ಬರೆಯುತ್ತೀರಿ, 720ಕ್ಕೆ ಇಷ್ಟು ಬಂತು, ಇಷ್ಟನೇ ರ‍್ಯಾಂಕ್, ಕೆಇಎ ಕೌನ್ಸೆಲಿಂಗ್‌ನಲ್ಲಿ ಕಾಲೇಜು ಆರಿಸುತ್ತೀರಿ, ಮುಗಿಯಿತು. ಬೇಸಿಗೆ ರಜೆಯಲ್ಲಿ ಏನು ಮಾಡಿದೆ ಅಂತ ಯಾರೂ ಕೇಳುವುದಿಲ್ಲ. ಇಲ್ಲೂ ಎಂಕ್ಯಾಟ್ ಅಂತ ಒಂದು ಪರೀಕ್ಷೆ ಇದೆ, ಪೂರ್ತಿ ಬಂದರೆ 528. ಆದರೆ ಅದು ಬಾಗಿಲು ತಟ್ಟುವುದಕ್ಕೆ ಮಾತ್ರ. ವರ್ಷಕ್ಕೆ ಐವತ್ತು ಸಾವಿರಕ್ಕಿಂತ ಜಾಸ್ತಿ ಜನ ಎಂಡಿಗೆ (ಇಲ್ಲಿ ಡಾಕ್ಟರ್ ಆಗುವ ಮೊದಲ ಡಿಗ್ರಿಯೇ ಅದು, ಅಲ್ಲಿನ ಎಂಬಿಬಿಎಸ್ ಇದ್ದ ಹಾಗೆ) ಅರ್ಜಿ ಹಾಕುತ್ತಾರೆ, ಸೇರುವವರು ಇಪ್ಪತ್ತೆರಡು ಇಪ್ಪತ್ಮೂರು ಸಾವಿರ. ಮಿಕ್ಕದ್ದನ್ನೆಲ್ಲ ನಿಮ್ಮ ಬರವಣಿಗೆ, ನಿಮ್ಮ ಬಗ್ಗೆ ಬೇರೆಯವರು ಬರೆದ ಪತ್ರ, ಆಮೇಲೆ ಇಂಟರ್‌ವ್ಯೂ ತೀರ್ಮಾನ ಮಾಡುತ್ತವೆ.

ಬಹುತೇಕ ಕಾಲೇಜುಗಳಿಗೆ ಅರ್ಜಿ ಹೋಗುವುದು ಆಮ್‌ಕ್ಯಾಸ್ ಅನ್ನುವ ಒಂದೇ ಪೋರ್ಟಲ್‌ನಿಂದ. ನಾನು ಹಾಕಿದ್ದು 2023ರಲ್ಲಿ. ಮೊದಲ ಕಾಲೇಜಿಗೆ 175 ಡಾಲರ್, ಆಮೇಲೆ ಒಂದೊಂದಕ್ಕೆ 45. ನಾನು 22 ಕಾಲೇಜು ಹಾಕಿದೆ, ಲೆಕ್ಕ 1120 ಡಾಲರ್‌ಗೆ ಬಂತು, ಅಪ್ಪ ಕಾರ್ಡ್ ನಂಬರ್ ಹೇಳುವಾಗ ಒಂದು ಕ್ಷಣ ನಿಲ್ಲಿಸಿದ್ದು ನೆನಪಿದೆ. ಅದರಲ್ಲಿ "ಕೆಲಸ ಮತ್ತು ಚಟುವಟಿಕೆ" ಅಂತ ಒಂದು ಭಾಗ. ಹದಿನೈದು ಖಾನೆ. ಒಂದೊಂದಕ್ಕೂ 700 ಅಕ್ಷರ. ನಮ್ಮ ಕನ್ನಡದ ಅಕ್ಷರ ಅಲ್ಲ, ಇಂಗ್ಲಿಷಿನ ಒಂದೊಂದು ಲೆಟರ್, ಖಾಲಿ ಜಾಗ, ಚುಕ್ಕೆ, ಕಾಮಾ ಎಲ್ಲವೂ ಲೆಕ್ಕ. ಈ ಹದಿನೈದರಲ್ಲಿ ಮೂರನ್ನು "ನನಗೆ ತುಂಬ ಮುಖ್ಯವಾದದ್ದು" ಅಂತ ಗುರುತು ಮಾಡಬಹುದು, ಆ ಮೂರಕ್ಕೆ ಮಾತ್ರ ಇನ್ನೂ 1325 ಅಕ್ಷರ ಸಿಗುತ್ತದೆ. ಪ್ರತಿ ಖಾನೆಗೂ ಒಂದು ಜಾತಿ ಆರಿಸಬೇಕು: ರಿಸರ್ಚ್, ಪಬ್ಲಿಕೇಷನ್, ಪೋಸ್ಟರ್, ಸೇವೆ, ಕೆಲಸ, ಹೀಗೆ. ನನ್ನ ಎರಡು ವರ್ಷದ ಮೀನು ಇದರಲ್ಲಿ ಎಲ್ಲಿ ಕೂರಬೇಕು ಅನ್ನುವುದೇ ಪ್ರಶ್ನೆ.

ಮೀನು ಅಂದೆನಲ್ಲ. ಜೀಬ್ರಾಫಿಶ್. 2021ರ ಬೇಸಿಗೆಯಲ್ಲಿ ನನ್ನ ಯೂನಿವರ್ಸಿಟಿಯ ಒಂದು ಲ್ಯಾಬ್ ಸೇರಿದೆ. ಐದು ದಿನದ ಮರಿ ನಾಲ್ಕು ಮಿಲಿಮೀಟರ್ ಇರುತ್ತದೆ ಅಷ್ಟೇ, ಮೈ ಗಾಜಿನ ಹಾಗೆ, ಒಳಗೆ ಗುಂಡಿಗೆ ಬಡಿಯುವುದು ಕಾಣುತ್ತದೆ. ಅದರ ಮೈ ಪಕ್ಕದಲ್ಲಿ ಉದ್ದಕ್ಕೂ ಸಣ್ಣ ಸಣ್ಣ ಗೊಂಚಲುಗಳಿವೆ, ಗೊಂಚಲಿಗೆ ಹತ್ತು ಹನ್ನೆರಡು ಜೀವಕೋಶ, ನೀರಿನ ಅಲುಗಾಟ ತಿಳಿಯುವುದಕ್ಕೆ. ಅವಕ್ಕೆ ಹೇರ್ ಸೆಲ್ ಅಂತ ಹೆಸರು, ತುದಿಯಲ್ಲಿ ಕೂದಲಿನಂಥ ಎಳೆಗಳಿರುವುದರಿಂದ. ನಮ್ಮ ಒಳಕಿವಿಯಲ್ಲಿರುವುದೂ ಇದೇ ಬಗೆಯವು. ವ್ಯತ್ಯಾಸ ಏನೆಂದರೆ ಮೀನಿನಲ್ಲಿ ಸತ್ತರೆ ಎರಡು ಮೂರು ದಿನದಲ್ಲಿ ಮತ್ತೆ ಬೆಳೆಯುತ್ತವೆ, ನಮ್ಮ ಕಿವಿಯಲ್ಲಿ ಹೋದರೆ ಹೋಯಿತು. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಥರದ ಆಂಟಿಬಯಾಟಿಕ್‌ಗಳು ಇವನ್ನೇ ಕೊಲ್ಲುತ್ತವೆ. ಟಿಬಿಗೆ ಇಂಜೆಕ್ಷನ್ ತೆಗೆದುಕೊಂಡು ಕಿವಿ ಮಂದವಾದವರು ನಮ್ಮೂರಲ್ಲೂ ಇದ್ದಾರಲ್ಲ, ಅದೇ.

ಮನೆಯಲ್ಲಿ ಇದನ್ನು ಹೇಳಿದಾಗ ಅಮ್ಮ, "ಮೀನಿಗೆ ಕೂದಲಾ?" ಅಂದರು. "ಅದನ್ನ ಎಣಿಸೋಕೆ ದಿನಾ ಹೋಗ್ತೀಯಾ?" ತುಮಕೂರಿನಿಂದ ಆರು ತಿಂಗಳಿಗೆ ಅಂತ ಬಂದಿದ್ದ ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. ನಾನು ಲ್ಯಾಬ್‌ನಿಂದ ಬಂದ ತಕ್ಷಣ, "ಮೀನು ಮುಟ್ಟಿ ಬಂದಿದೀಯ, ಸ್ನಾನ ಮಾಡ್ದೆ ಅಡುಗೆ ಮನೆಗೆ ಬರ್ಬೇಡ ಕಣೇ." ಎರಡು ಬೇಸಿಗೆ ನಾನು ಸಂಜೆ ಆರಕ್ಕೆ ಸ್ನಾನ ಮಾಡಿದ್ದೇನೆ.

ಕೆಲಸ ಇಷ್ಟು. ಒಂದು ರಾಸಾಯನಿಕ ಇತ್ತು, ಅದು ಹೇರ್ ಸೆಲ್‌ಗಳನ್ನು ಕಾಪಾಡಬಹುದು ಅಂತ ಅನುಮಾನ. ಮರಿಗಳನ್ನು ಮೊದಲು ಅದರಲ್ಲಿ ಬಿಡುವುದು, ಆಮೇಲೆ ನಿಯೋಮೈಸಿನ್ ಹಾಕುವುದು, ಹೊಳೆಯುವ ಬಣ್ಣ ಕೊಟ್ಟು ಮೈಕ್ರೋಸ್ಕೋಪ್ ಕೆಳಗೆ ಉಳಿದವನ್ನು ಎಣಿಸುವುದು. ಕತ್ತಲೆ ಕೋಣೆ, ಕೈಯಲ್ಲಿ ಕ್ಲಿಕ್ಕರ್, ಒಂದು ಮರಿಗೆ ಇಷ್ಟು ಗೊಂಚಲು, ಒಂದು ತಟ್ಟೆಗೆ ಇಷ್ಟು ಮರಿ. ಔಷಧಿ ಇಲ್ಲದವುಗಳಲ್ಲಿ ಕೆಲವೇ ಉಳಿಯುತ್ತಿದ್ದವು, ಔಷಧಿ ಇದ್ದವುಗಳಲ್ಲಿ ಬಹುಪಾಲು. ಮೊದಲ ಸಲ ಗ್ರಾಫ್ ನೋಡಿದ ದಿನ ಪ್ರೊಫೆಸರ್ "ಇದು ಪೇಪರ್ ಆಗುತ್ತದೆ" ಅಂದರು. ನಾನು ಅದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಅದನ್ನು ಇಡೀ ಕನ್ನಡ ಕೂಟಕ್ಕೆ ಹೇಳಿದರು. ತಪ್ಪು ಅಲ್ಲಿಂದ ಶುರು.

ನನಗೆ ಕೆಲಸ ಕಲಿಸುತ್ತಿದ್ದ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿ ಲ್ಯಾಬ್‌ನಲ್ಲಿ ಸಂಶೋಧನೆ ಮಾಡುವವರು, ಮಹಾ ಅನುಮಾನದ ಮನುಷ್ಯರು. ಒಂದು ದಿನ ತಟ್ಟೆಗಳ ಮೇಲಿನ ಲೇಬಲ್‌ಗೆಲ್ಲ ಟೇಪ್ ಅಂಟಿಸಿ, ಬರೀ ನಂಬರ್ ಬರೆದು, ಈಗ ಎಣಿಸು ಅಂದರು. ಯಾವುದರಲ್ಲಿ ಔಷಧಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಎಣಿಸಿ ಟೇಪ್ ಕಿತ್ತಾಗ ವ್ಯತ್ಯಾಸ ಇತ್ತು, ಆದರೆ ಮೊದಲಿನಷ್ಟು ಇರಲಿಲ್ಲ. ಅಂದರೆ ಏನು? ಅರ್ಧಂಬರ್ಧ ಹೊಳೆಯುವ ಕೋಶ ಕಂಡಾಗ, ಔಷಧಿ ಇದ್ದ ತಟ್ಟೆಯಲ್ಲಿ ನಾನು ಅದನ್ನು ಬದುಕಿದೆ ಅಂತ ಎಣಿಸುತ್ತಿದ್ದೆ, ಇಲ್ಲದ ತಟ್ಟೆಯಲ್ಲಿ ಬಿಟ್ಟುಬಿಡುತ್ತಿದ್ದೆ. ಬೇಕಂತ ಮಾಡಿದ್ದಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ, ಏನೋ ಕದ್ದು ಸಿಕ್ಕಿಬಿದ್ದ ಹಾಗೆ.

ಆಮೇಲಿನದು ಇನ್ನೂ ಕೆಟ್ಟದು. ಎಫ್‌ಎಂ 1-43 ಅಂತ ಒಂದು ಬಣ್ಣ ಇದೆ, ಅದು ಹೇರ್ ಸೆಲ್‌ನ ತುದಿಯಲ್ಲಿರುವ ಸಣ್ಣ ಬಾಗಿಲಿನಿಂದ ಒಳಗೆ ಹೋಗುತ್ತದೆ. ನಿಯೋಮೈಸಿನ್ ಒಳಗೆ ಹೋಗುವುದೂ ಅದೇ ಬಾಗಿಲಿನಿಂದ. ನಮ್ಮ ರಾಸಾಯನಿಕ ಹಾಕಿದ ಮರಿಗಳಿಗೆ ಈ ಬಣ್ಣ ಕೊಟ್ಟರೆ ಅದು ಒಳಗೇ ಹೋಗುತ್ತಿಲ್ಲ! ಅಂದರೆ ನಮ್ಮ ಔಷಧಿ ಕೋಶವನ್ನು ವಿಷದಿಂದ ಕಾಪಾಡುತ್ತಿರಲಿಲ್ಲ, ವಿಷ ಒಳಗೆ ಬರದ ಹಾಗೆ ಬಾಗಿಲು ಹಾಕುತ್ತಿತ್ತು, ಅಷ್ಟೇ. ಅದೂ ಕೆಲಸಕ್ಕೆ ಬರುವ ವಿಷಯವೇ, ಆದರೆ ಬಾಗಿಲು ಹಾಕುವ ಔಷಧಿಗಳು ಬೇರೆ ಲ್ಯಾಬ್‌ಗಳಿಂದ ಆಗಲೇ ಬಂದಿದ್ದವು. ಹೊಸದು ಅನ್ನಬೇಕಾದರೆ ಇಲಿಯಲ್ಲಿ ತೋರಿಸಬೇಕಿತ್ತು. ಅದಕ್ಕೆ ಹಣ ಇರಲಿಲ್ಲ. 2022ರ ಕೊನೆಗೆ ಪೋಸ್ಟ್‌ಡಾಕ್ ಒಂದು ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿ ಹೊರಟುಹೋದರು. ಪೇಪರ್ ಅನ್ನುವುದು ಎರಡು ಚಿತ್ರ ಮತ್ತು ಅರ್ಧ ಬರೆದ "ವಿಧಾನ" ಇರುವ ಒಂದು ವರ್ಡ್ ಫೈಲ್ ಆಗಿ ಉಳಿಯಿತು. ಇಲ್ಲಿ ಯಾರದ್ದೂ ತಪ್ಪಿಲ್ಲ. ಲ್ಯಾಬ್‌ಗಳಲ್ಲಿ ಇಂಥ ಫೈಲ್‌ಗಳು ಎಷ್ಟು ಮಲಗಿರುತ್ತವೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಮೇ ತಿಂಗಳ ಮೊದಲಿಗೆ ಪೋರ್ಟಲ್ ತೆರೆಯಿತು. ಆ ಫೈಲನ್ನು ಇಟ್ಟುಕೊಂಡು ನಾನು ಬರೆಯಲು ಕೂತೆ.

ಮೊದಲು ಬಂದದ್ದು ಆಸೆ. ಪಬ್ಲಿಕೇಷನ್ ಅನ್ನುವ ಜಾತಿ ಕಣ್ಣೆದುರೇ ಇದೆ. "ಮ್ಯಾನುಸ್ಕ್ರಿಪ್ಟ್ ಇನ್ ಪ್ರಿಪರೇಷನ್" ಅಂತ ಹಾಕಿದರೆ ಸುಳ್ಳೂ ಅಲ್ಲ, ಅಲ್ವಾ? ಫೈಲ್ ಇದೆಯಲ್ಲ. ಕೂಟದ ಒಬ್ಬ ಅಂಕಲ್ ಅಂತೂ, "ಸುಮ್ನೆ ಸಬ್ಮಿಟೆಡ್ ಅಂತ ಹಾಕಮ್ಮ, ಯಾರು ಬಂದು ನೋಡ್ತಾರೆ, ಬರೋಷ್ಟರಲ್ಲಿ ನಿಮ್ಮ ಪ್ರೊಫೆಸರ್ ಕಳಿಸಿರ್ತಾರೆ" ಅಂದರು. ಅದೇ ವಾರ ನನ್ನ ಮೇಲ್‌ಗೆ ಯಾವುದೋ ಹೆಸರೇ ಕೇಳದ ಜರ್ನಲ್‌ನಿಂದ ಪತ್ರ: ಮಾನ್ಯ ಡಾಕ್ಟರ್ ಅವರೇ, ನಿಮ್ಮ ಅಮೂಲ್ಯ ಸಂಶೋಧನೆಯನ್ನು ಕೆಲವೇ ದಿನಗಳಲ್ಲಿ ಪ್ರಕಟಿಸುತ್ತೇವೆ, ಶುಲ್ಕ ಇಷ್ಟು. ಡಿಗ್ರಿ ಮುಗಿಯುವ ಮೊದಲೇ ನನ್ನನ್ನು ಡಾಕ್ಟರ್ ಅಂದವರು ಅವರೊಬ್ಬರೇ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು, ಆಂಟಿಯರು ಇದನ್ನೇ ತಪ್ಪು ತಿಳಿದಿರುವುದು. ಪೇಪರ್ ಅನ್ನುವುದು ಒಂದೇ ಸಲ ಆಗುವುದಲ್ಲ, ಮೆಟ್ಟಿಲು ಮೆಟ್ಟಿಲು. ಬರೆಯುತ್ತಿದ್ದೇವೆ ಅನ್ನುವುದು ಒಂದು. ಜರ್ನಲ್‌ಗೆ ಕಳಿಸಿದ್ದೇವೆ ಅನ್ನುವುದು ಇನ್ನೊಂದು, ಕಳಿಸಿದ ತಾರೀಕು ಇರುತ್ತದೆ, ನಂಬರ್ ಇರುತ್ತದೆ. ಪರಿಶೀಲನೆಯಲ್ಲಿದೆ, ತಿದ್ದಿ ಕಳಿಸಿ ಅಂದಿದ್ದಾರೆ, ಒಪ್ಪಿದ್ದಾರೆ, ಅಚ್ಚಾಗಿದೆ, ಇವೆಲ್ಲ ಬೇರೆ ಬೇರೆ. ಮಧ್ಯದಲ್ಲಿ ಬಯೋಆರ್ಕೈವ್ ಥರದ ಪ್ರೀಪ್ರಿಂಟ್ ತಾಣ ಇದೆ, ಯಾರೂ ಪರಿಶೀಲಿಸುವ ಮೊದಲೇ ಎಲ್ಲರೂ ಓದುವ ಹಾಗೆ ಹಾಕುವುದು, ಅದಕ್ಕೂ ಒಂದು ಡಿಒಐ ನಂಬರ್, ಅಂದರೆ ಆ ಪೇಪರನ್ನು ಆನ್‌ಲೈನ್‌ನಲ್ಲಿ ಹುಡುಕುವ ಗುರುತಿನ ನಂಬರ್, ಸಿಗುತ್ತದೆ. ಒಪ್ಪಿದ ಮೇಲಿನವು ಪಬ್ಲಿಕೇಷನ್ ಖಾನೆಗೆ ಧೈರ್ಯವಾಗಿ ಹೋಗುತ್ತವೆ. ಪ್ರೀಪ್ರಿಂಟ್ ಆದರೆ ಪ್ರೀಪ್ರಿಂಟ್ ಅಂತಲೇ ಬರೆದು ಹಾಕಬಹುದು, ಓದುವವರು ಹುಡುಕಿದರೆ ಸಿಗುತ್ತದಲ್ಲ. "ಬರೆಯುತ್ತಿದ್ದೇವೆ" ಅನ್ನುವುದನ್ನು ಹುಡುಕಿದರೆ ಏನು ಸಿಗುತ್ತದೆ? ನನ್ನ ಲೆಕ್ಕದಲ್ಲಿ ಅದಕ್ಕೆ ಆ ಖಾನೆಯಲ್ಲಿ ಜಾಗ ಇಲ್ಲ.

ನೋಡುವುದಿಲ್ಲ ಅನ್ನುವುದೂ ಸುಳ್ಳು. 1995ರಲ್ಲೇ ಒಂದು ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು: ಹೊಟ್ಟೆ ಕರುಳಿನ ವಿಭಾಗದ ಫೆಲೋಶಿಪ್‌ಗೆ ಅರ್ಜಿ ಹಾಕಿದವರಲ್ಲಿ, ಪೇಪರ್ ಅಚ್ಚಾಗಿದೆ ಅಂದವರ ಪಟ್ಟಿಯನ್ನು ಯಾರೋ ಕೂತು ತಾಳೆ ನೋಡಿದರು, ಹತ್ತರಲ್ಲಿ ಮೂರು ಜನರದ್ದು ಸರಿ ಇರಲಿಲ್ಲ. ಅವರೆಲ್ಲ ಆಗಲೇ ಡಾಕ್ಟರ್ ಆಗಿದ್ದವರು. ಹಾಗಂತ ಎಲ್ಲ ಸುಳ್ಳೂ ಸಿಕ್ಕಿಬೀಳುತ್ತದೆ ಅಂತಲೂ ಹೇಳಲಾರೆ. ನನ್ನ ಜೊತೆಗೇ ಓದಿದ ಒಬ್ಬ ಪಬ್ಲಿಕೇಷನ್ ಖಾನೆಯಲ್ಲಿ ಎರಡು "ಇನ್ ಪ್ರಿಪರೇಷನ್" ಹಾಕಿದ. ಅವನನ್ನು ಯಾರೂ ಕೇಳಲಿಲ್ಲ. ಅವನಿಗೂ ಸೀಟು ಸಿಕ್ಕಿತು. ನನ್ನನ್ನು ತಡೆದದ್ದು ಸಿಕ್ಕಿಬೀಳುವ ಭಯ ಅಂತ ಹೇಳಿದರೆ ಅರ್ಧ ನಿಜ. ಇನ್ನರ್ಧ ಆ ಟೇಪ್ ಅಂಟಿಸಿದ ತಟ್ಟೆ. ಒಂದು ಸಲ ಗೊತ್ತಿಲ್ಲದೆ ಜಾಸ್ತಿ ಎಣಿಸಿದವಳು, ಈಗ ಗೊತ್ತಿದ್ದೂ ಎಣಿಸುವುದಾ?

ಹಾಗಾಗಿ ರಿಸರ್ಚ್ ಅನ್ನುವ ಜಾತಿಯನ್ನೇ ಆರಿಸಿದೆ. ಮೊದಲ ಕರಡು ಹೀಗಿತ್ತು, ಕನ್ನಡದಲ್ಲಿ ಹೇಳುವುದಾದರೆ: "ಶ್ರವಣ ನಷ್ಟವನ್ನು ತಡೆಯುವ ಹೊಸ ಔಷಧಿಯನ್ನು ಕಂಡುಹಿಡಿಯುವ ಮಹತ್ವದ ಯೋಜನೆಯಲ್ಲಿ ಪ್ರಯೋಗಗಳನ್ನು ರೂಪಿಸಿ ನಡೆಸಿದೆ. ಫಲಿತಾಂಶಗಳನ್ನು ಪ್ರಕಟಣೆಗೆ ಸಿದ್ಧಪಡಿಸಲಾಗುತ್ತಿದೆ." ಓದಿದರೆ ಯಾರೋ ದೊಡ್ಡವರು ಮಾಡಿದ ಹಾಗಿದೆ. ಮೀನೇ ಇಲ್ಲ ಅದರಲ್ಲಿ!

ಪ್ರೊಫೆಸರ್ ನನಗೆ ಶಿಫಾರಸು ಪತ್ರ ಬರೆಯುವವರಿದ್ದರು. ಅರ್ಜಿಯ ಖಾನೆಯಲ್ಲಿ ಅವರ ಹೆಸರನ್ನೇ ಸಂಪರ್ಕಕ್ಕೆ ಕೊಡಬೇಕು. ಅವರ ಪತ್ರ ಒಂದು ಹೇಳಿ ನನ್ನ ಖಾನೆ ಇನ್ನೊಂದು ಹೇಳಿದರೆ ಕೆಟ್ಟಿತು. ಅದಕ್ಕೆ ಕರಡನ್ನು ಅವರಿಗೆ ತೋರಿಸಿದೆ. ಇದನ್ನು ಮಾಡಿದ್ದು ನನ್ನ ಇಡೀ ಅರ್ಜಿಯಲ್ಲಿ ಮಾಡಿದ ಒಂದೇ ಜಾಣತನ. ಅವರು ಎರಡು ಕಡೆ ಪೆನ್ನಿಟ್ಟರು. "ರೂಪಿಸಿ" ಅನ್ನುವ ಪದದ ಕೆಳಗೆ ಗೆರೆ ಎಳೆದು, ರೂಪಿಸಿದ್ದು ಪೋಸ್ಟ್‌ಡಾಕ್, ನೀನಲ್ಲ ಅಂದರು. ಮುಖ ಬಿಸಿಯಾಯಿತು. ಆಮೇಲೆ ಅವರೇ, "ಆದರೆ ಬಣ್ಣದ ಪ್ರಯೋಗ ಮಾಡಿ ನೋಡೋಣ ಅಂತ ಲ್ಯಾಬ್ ಮೀಟಿಂಗ್‌ನಲ್ಲಿ ಕೇಳಿದ್ದು ನೀನು. ಅದನ್ನು ಯಾಕೆ ಬರೆದಿಲ್ಲ?" ಅಂದರು. ನಾನು ಮರೆತೇಬಿಟ್ಟಿದ್ದೆ. ಒಂದು ಪೇಪರ್ ಓದಿ, ಇಲ್ಲೂ ಹಾಗೇ ಆಗಿರಬಹುದಾ ಅಂತ ಹೆದರುತ್ತಾ ಕೇಳಿದ್ದೆ. ನಮ್ಮ ಫಲಿತಾಂಶವನ್ನು ಮುಳುಗಿಸಿದ ಪ್ರಶ್ನೆ ಅಲ್ವಾ, ಅದನ್ನು ಹೇಳಿಕೊಳ್ಳುವಂಥದ್ದು ಅಂತ ನನಗೆ ಹೊಳೆದೇ ಇರಲಿಲ್ಲ.

ಎರಡನೇ ಗೆರೆ ರಾಸಾಯನಿಕದ ಹೆಸರಿನ ಕೆಳಗೆ. ಅಚ್ಚಾಗದ ಕೆಲಸ ಲ್ಯಾಬ್‌ಗೆ ಸೇರಿದ್ದು, ಹೆಸರು ಹಾಕಬೇಡ, "ಒಂದು ರಾಸಾಯನಿಕ" ಅಂತ ಬರಿ, ಇಂಟರ್‌ವ್ಯೂನಲ್ಲಿ ಕೇಳಿದರೂ ಅಷ್ಟೇ ಹೇಳು ಅಂದರು. ಇದು ಬಹಳ ಜನಕ್ಕೆ ಗೊತ್ತಿಲ್ಲ. ನೀವು ಎಣಿಸಿದ ಅಂಕಿಗಳು ಕೂಡ ನಿಮ್ಮವಲ್ಲ, ಕೇಳಿಯೇ ಹೊರಗೆ ಹೇಳಬೇಕು.

ಇಲ್ಲೇ ಒಂದು ಅಡ್ಡ ಮಾತು. ನಾನು ಮೀನುಗಳಿಗೆ ಹಾಕುತ್ತಿದ್ದ ನಿಯೋಮೈಸಿನ್ ಹುಟ್ಟಿದ್ದೂ ಇದೇ ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಲ್ಯಾಬ್‌ನಲ್ಲಿ, 1949ರಲ್ಲಿ. ಅದಕ್ಕೂ ಮೊದಲು ಸ್ಟ್ರೆಪ್ಟೊಮೈಸಿನ್ ಕೂಡ ಅಲ್ಲೇ. ಅದನ್ನು 1943ರಲ್ಲಿ ಮಣ್ಣಿನಿಂದ ತೆಗೆದದ್ದು ಆಲ್ಬರ್ಟ್ ಶಾಟ್ಜ್ ಅನ್ನುವ ವಿದ್ಯಾರ್ಥಿ. 1952ರ ನೊಬೆಲ್ ಬಂದದ್ದು ವಾಕ್ಸ್‌ಮನ್‌ಗೆ ಮಾತ್ರ, ಅದಕ್ಕೂ ಮುಂಚೆ ಶಾಟ್ಜ್ ಕೋರ್ಟಿಗೆ ಹೋಗಿದ್ದರು. ಆ 1944ರ ಪೇಪರ್‌ನಲ್ಲಿ ಮಧ್ಯದ ಹೆಸರು ಎಲಿಜಬೆತ್ ಬ್ಯೂಗಿ ಅನ್ನುವ ಹುಡುಗಿಯದ್ದು, ಪೇಟೆಂಟ್‌ನಲ್ಲಿ ಅವರ ಹೆಸರಿಲ್ಲ. ಲ್ಯಾಬ್‌ನಲ್ಲಿ ಯಾರು ಏನು ಮಾಡಿದರು ಅನ್ನುವ ಜಗಳ ಹೊಸದಲ್ಲ. ನಾನು "ರೂಪಿಸಿ" ಅಂತ ಬರೆದಾಗ ಪೋಸ್ಟ್‌ಡಾಕ್‌ಗೆ ಅದನ್ನೇ ಮಾಡುತ್ತಿದ್ದೆ ಅಂತ ಆಮೇಲೆ ತಿಳಿಯಿತು, ಸಣ್ಣ ಮಟ್ಟದಲ್ಲಿ.

ಗಂಟೆಗಳ ಲೆಕ್ಕ ಇನ್ನೊಂದು ತಲೆನೋವು. ಪ್ರತಿ ಖಾನೆಗೂ ಒಟ್ಟು ಎಷ್ಟು ಗಂಟೆ ಅಂತ ಹಾಕಬೇಕು. ಅಂದಾಜಿಗೆ 1600 ಅಂತ ಹಾಕಿದ್ದೆ. ಆಮೇಲೆ ಕ್ಯಾಲೆಂಡರ್ ತೆಗೆದು ಕೂತೆ. ಮೊದಲ ಬೇಸಿಗೆ ಹತ್ತು ವಾರ, ವಾರಕ್ಕೆ 30. ಎರಡನೆಯದು ಹತ್ತು ವಾರ, ವಾರಕ್ಕೆ 40. ನಾಲ್ಕು ಸೆಮಿಸ್ಟರ್, ಪರೀಕ್ಷೆ ವಾರ ಬಿಟ್ಟು, ವಾರಕ್ಕೆ ಒಂಬತ್ತು ಹತ್ತು, ಅದು 540. ಒಟ್ಟು 1240. ಮುನ್ನೂರ ಅರವತ್ತು ಗಂಟೆ ಎಲ್ಲಿಂದ ಬಂದಿತ್ತೋ. ಬಹುಶಃ ಬಸ್ಸಿನಲ್ಲಿ ಮೀನಿನ ಬಗ್ಗೆ ಯೋಚಿಸಿದ್ದು.

ಪೋಸ್ಟರ್ ಬಗ್ಗೆ ಎರಡು ಮಾತು. ಯೂನಿವರ್ಸಿಟಿಯ ವಿದ್ಯಾರ್ಥಿ ಸಂಶೋಧನಾ ದಿನದಲ್ಲಿ ಒಂದು ಪೋಸ್ಟರ್ ಹಾಕಿದ್ದೆ, ಮಾಡಿದ ಕೆಲಸವನ್ನು ಒಂದು ದೊಡ್ಡ ಹಾಳೆಯಲ್ಲಿ ತೋರಿಸಿ ಬಂದವರಿಗೆ ವಿವರಿಸುವುದು. ಅದಕ್ಕೆ ಬೇರೆ ಖಾನೆ ಮಾಡಬಹುದಿತ್ತು, ಜಾತಿ ಇದೆ. ಆದರೆ ಅದೇ ಕೆಲಸ, ಅದೇ ಕಟ್ಟಡ, ನೋಡಿದವರಲ್ಲಿ ಅರ್ಧ ಜನ ನನ್ನ ಸ್ನೇಹಿತರು. ರಿಸರ್ಚ್ ಖಾನೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿ ಬಿಟ್ಟೆ. ಬೇರೆ ಊರಿನ ಸಮ್ಮೇಳನಕ್ಕೆ ಆಯ್ಕೆಯಾಗಿ ಹೋಗಿದ್ದರೆ ಬೇರೆ ಖಾನೆಯೇ ಮಾಡುತ್ತಿದ್ದೆ.

ಐದನೇ ಕರಡು ಹೋಯಿತು. ಅದರ ತಿರುಳು ಕನ್ನಡದಲ್ಲಿ ಹೀಗೆ: "ಕೆಲವು ಆಂಟಿಬಯಾಟಿಕ್‌ಗಳು ಕಿವಿಯ ಹೇರ್ ಸೆಲ್‌ಗಳನ್ನು ಕೊಲ್ಲುತ್ತವೆ. ಒಂದು ರಾಸಾಯನಿಕ ಇದನ್ನು ತಡೆಯುತ್ತದೆಯೇ ಅಂತ ಜೀಬ್ರಾಫಿಶ್ ಮರಿಗಳಲ್ಲಿ ನೋಡಿದೆವು. ಮರಿ ಸಾಕುವುದು, ಔಷಧಿ ಕೊಡುವುದು, ಕೋಶ ಎಣಿಸುವುದು ನನ್ನ ಕೆಲಸ. ಮೊದಲು ಪರಿಣಾಮ ದೊಡ್ಡದಾಗಿ ಕಂಡಿತು. ಯಾವ ತಟ್ಟೆ ಯಾವುದು ಅಂತ ತಿಳಿಯದ ಹಾಗೆ ಎಣಿಸಿದಾಗ ಚಿಕ್ಕದಾಯಿತು. ರಾಸಾಯನಿಕ ಬರೀ ಆಂಟಿಬಯಾಟಿಕ್‌ನ ದಾರಿ ಮುಚ್ಚುತ್ತಿದೆಯೇ ಎಂದು ಕೇಳಿದೆ, ಬಣ್ಣದ ಪ್ರಯೋಗದಲ್ಲಿ ಹೌದು ಅಂತ ಬಂತು. ಕೆಲಸ ಪ್ರಕಟವಾಗಿಲ್ಲ. ಕ್ಯಾಂಪಸ್‌ನಲ್ಲಿ ಪೋಸ್ಟರ್ ಆಗಿ ತೋರಿಸಿದೆ." ಇಂಗ್ಲಿಷಿನಲ್ಲಿ 690ರ ಆಸುಪಾಸು ಬಂತು. "ಪ್ರಕಟವಾಗಿಲ್ಲ" ಅನ್ನುವ ಪದ ಬೇಕಾ ಅಂತ ಅಪ್ಪ ಮೂರು ಸಲ ಕೇಳಿದರು. "ಹೇಳದೇ ಇದ್ರೆ ಸುಳ್ಳಾಗಲ್ವಲ್ಲ" ಅಂತ. ಸುಳ್ಳಾಗುವುದಿಲ್ಲ, ನಿಜ. ಆದರೆ 1240 ಗಂಟೆ ನೋಡಿದವರು ಪೇಪರ್ ಎಲ್ಲಿ ಅಂತ ಹೇಗೂ ಹುಡುಕುತ್ತಾರೆ, ನಾನೇ ಹೇಳಿದರೆ ಹುಡುಕಾಟ ತಪ್ಪುತ್ತದೆ ಅಂದೆ. ಜೊತೆಗೆ ಇದನ್ನು ಆ ಮೂರು "ಮುಖ್ಯವಾದ"ವುಗಳಲ್ಲಿ ಒಂದು ಮಾಡಿ, 1325 ಅಕ್ಷರವನ್ನೂ ಟೇಪ್ ಕಿತ್ತ ಆ ಒಂದು ಮಧ್ಯಾಹ್ನಕ್ಕೆ ಕೊಟ್ಟುಬಿಟ್ಟೆ.

ಇನ್ನೊಂದು ಆಸೆಯೂ ಇತ್ತು, ಹೇಳದೇ ಹೋದರೆ ನನಗೇ ಸಮಾಧಾನ ಇಲ್ಲ. ಡಾಕ್ಟರ್ ಯಾಕೆ ಆಗಬೇಕು ಅಂತ ಬರೆಯುವ ದೊಡ್ಡ ಪ್ರಬಂಧ ಬೇರೆ ಇದೆ, 5300 ಅಕ್ಷರ. ಅಜ್ಜಿಗೆ ಕಿವಿ ಮಂದ. ನಾನು ಕಿವಿಯ ಕೋಶ ಎಣಿಸುವವಳು. ಎರಡನ್ನೂ ಜೋಡಿಸಿದರೆ ಎಷ್ಟು ಚೆನ್ನಾಗಿ ಕೂರುತ್ತದೆ! ಅಜ್ಜಿಗೆ ಯಾವುದೋ ಇಂಜೆಕ್ಷನ್‌ನಿಂದ ಕಿವಿ ಹೋಯಿತು, ಅದಕ್ಕೇ ಮೊಮ್ಮಗಳು ಲ್ಯಾಬ್ ಸೇರಿದಳು. ಒಂದು ಪ್ಯಾರಾ ಬರೆದೂ ಇದ್ದೆ. ಊರಿಗೆ ಫೋನ್ ಮಾಡಿ ಅಜ್ಜಿಯನ್ನೇ ಕೇಳಿದೆ, ನಿಂಗೆ ಚಿಕ್ಕಂದಿನಲ್ಲಿ ಏನಾದ್ರೂ ಇಂಜೆಕ್ಷನ್ ಕೊಟ್ಟಿದ್ರಾ ಅಂತ. ನಾಲ್ಕು ಸಲ ಕೂಗಿ ಕೇಳಿದ ಮೇಲೆ, "ಇಂಜೆಕ್ಷನ್ನೂ ಇಲ್ಲ ಏನೂ ಇಲ್ಲ, ವಯಸ್ಸಾಯ್ತಲ್ಲೇ!" ಅಂದರು. ಪ್ಯಾರಾ ಅಳಿಸಿದೆ. ಲ್ಯಾಬ್ ಸೇರಿದ್ದು ಮೂವತ್ತು ಮೇಲ್ ಕಳಿಸಿದ್ದರಲ್ಲಿ ಉತ್ತರ ಬಂದದ್ದು ಅವರೊಬ್ಬರದ್ದೇ ಅಂತ. ಅದೇ ನಿಜ.

ಜೂನ್ ಮೊದಲ ವಾರ ಸಬ್ಮಿಟ್ ಒತ್ತಿದೆ. ಒತ್ತಿದ ಮೇಲೆ ಆ ಖಾನೆಗಳನ್ನು ತಿದ್ದುವ ಹಾಗಿಲ್ಲ. ರಾತ್ರಿ ಮತ್ತೆ ಓದಿದಾಗ ಒಂದು ಕಡೆ ಕಾಮಾ ಎರಡು ಸಲ ಬಿದ್ದಿತ್ತು. ಹಾಗೇ ಹೋಯಿತು 22 ಕಾಲೇಜಿಗೂ.

ಜುಲೈ ಆಗಸ್ಟ್ ಪೂರ್ತಿ ಸೆಕೆಂಡರಿ, ಅಂದರೆ ಪ್ರತಿ ಕಾಲೇಜಿನವರೂ ತಮ್ಮದೇ ಪ್ರಶ್ನೆ ಕಳಿಸುತ್ತಾರೆ, ಅದಕ್ಕೂ ಬೇರೆ ದುಡ್ಡು. ರಿಸರ್ಚ್‌ಗೆ ಹೆಸರಾದ ಕಾಲೇಜುಗಳು ಅದರ ಬಗ್ಗೆಯೇ ಒಂದು ಪ್ರಬಂಧ ಕೇಳುತ್ತವೆ. ಹಳ್ಳಿ, ಬಡ ಬಡಾವಣೆಗಳಿಗೆ ಡಾಕ್ಟರ್ ತಯಾರು ಮಾಡುತ್ತೇವೆ ಅನ್ನುವ ಕಾಲೇಜುಗಳಿಗೆ ಮೀನು ಅಷ್ಟು ಮುಖ್ಯ ಅಲ್ಲ, ನೀವು ಜನರ ಜೊತೆ ಏನು ಮಾಡಿದಿರಿ ಅಂತ ನೋಡುತ್ತಾರೆ. ಆ ವರ್ಷ ನಾನು ಒಂದು ಕ್ಲಿನಿಕ್‌ನಲ್ಲಿ ಸ್ಕ್ರೈಬ್ ಆಗಿದ್ದೆ, ಡಾಕ್ಟರ್ ರೋಗಿ ಜೊತೆ ಮಾತಾಡುವಾಗ ಪಕ್ಕದಲ್ಲಿ ಕೂತು ಟೈಪ್ ಮಾಡುವ ಕೆಲಸ. ಪೇಪರ್ ಏನಾದರೂ ಒಪ್ಪಿಗೆಯಾದರೆ ಕಾಲೇಜುಗಳಿಗೆ ಅಪ್‌ಡೇಟ್ ಪತ್ರ ಬರೆಯಬಹುದು, ತೆಗೆದುಕೊಳ್ಳುವ ಕಡೆ. ನನಗೆ ಬರೆಯುವಂಥದ್ದು ಏನೂ ಆಗಲಿಲ್ಲ.

ಮೂರು ಇಂಟರ್‌ವ್ಯೂ ಬಂತು. ಮೊದಲನೆಯದರಲ್ಲಿ ಮೀನಿನ ಮಾತೇ ಬರಲಿಲ್ಲ. ಎರಡು ವರ್ಷ ಕತ್ತಲೆ ಕೋಣೆಯಲ್ಲಿ ಕೂತದ್ದಕ್ಕೆ ಒಂದು ಪ್ರಶ್ನೆಯೂ ಇಲ್ಲ, ಎಲ್ಲ ಸ್ಕ್ರೈಬ್ ಕೆಲಸದ ಬಗ್ಗೆ. ಎರಡನೆಯದರಲ್ಲಿ ಒಂದು ಪ್ರಶ್ನೆ ಬಂತು, ನನ್ನ ಉತ್ತರ ಉದ್ದವಾಯಿತು, ಅವರು ಗಡಿಯಾರ ನೋಡಿದರು. ಅಲ್ಲಿಂದ ಬಂದು, ಒಂದು ನಿಮಿಷದಲ್ಲಿ ಹೇಳುವುದನ್ನು ಅಮ್ಮನ ಮುಂದೆ ಅಭ್ಯಾಸ ಮಾಡಿದೆ, ಅದೂ ಕನ್ನಡದಲ್ಲಿ. ಅಮ್ಮನಿಗೆ ತಿಳಿಯುವವರೆಗೆ ಬಿಡಲಿಲ್ಲ. "ಓ, ಕಳ್ಳ ಬರ್ದಂಗೆ ಬಾಗಿಲು ಹಾಕ್ತು, ಕಳ್ಳನ್ನ ಹಿಡೀಲಿಲ್ಲ" ಅಂದರು ಕೊನೆಗೆ. ನನಗೆ ಬೇಕಾದ ವಾಕ್ಯ ಅದೇ.

ಮೂರನೆಯದು ಜನವರಿಯಲ್ಲಿ. ಇಂಟರ್‌ವ್ಯೂ ಮಾಡಿದವರು ವಯಸ್ಸಾದ ಬಯೋಕೆಮಿಸ್ಟ್ರಿ ಮೇಷ್ಟ್ರು, ನನ್ನ ಅರ್ಜಿಯ ಪ್ರಿಂಟ್ ತೆಗೆದು ಪೆನ್ಸಿಲ್‌ನಲ್ಲಿ ಗೀಚಿಕೊಂಡಿದ್ದರು. ಕೂತ ತಕ್ಷಣ, "ಸಾವಿರದ ಇನ್ನೂರ ನಲವತ್ತು ಗಂಟೆ. ಪೇಪರ್ ಯಾಕಿಲ್ಲ?" ನಾನು ಅಮ್ಮನ ಕಳ್ಳ ಬಾಗಿಲನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಯಾವ ಬಣ್ಣ ಅಂದರು, ಹೇಳಿದೆ, ಬಣ್ಣದ ಹೆಸರಲ್ಲಿ ಗುಟ್ಟೇನಿಲ್ಲ. ರಾಸಾಯನಿಕ ಯಾವುದು ಅಂದರು. ಪ್ರೊಫೆಸರ್ ಅನುಮತಿ ಇಲ್ಲ ಅಂದೆ. ತಲೆಯಾಡಿಸಿದರು. ಲೇಬಲ್ ಮುಚ್ಚಿ ಎಣಿಸುವ ಯೋಚನೆ ನಿನ್ನದಾ ಅಂದರು. ಅಲ್ಲ, ಪೋಸ್ಟ್‌ಡಾಕ್‌ದು ಅಂದೆ. "ಮುಚ್ಚದೇ ಎಣಿಸಿದಾಗ ಎಷ್ಟು ಜಾಸ್ತಿ ಎಣಿಸಿದ್ದೆ?" ಅಂಕಿ ಹೇಳುವ ಹಾಗಿರಲಿಲ್ಲ, "ನಾಚಿಕೆಯಾಗುವಷ್ಟು" ಅಂದೆ. ಆಗ ನಕ್ಕರು. ತಾವು ಪಿಎಚ್‌ಡಿ ಮಾಡುವಾಗ ಎರಡು ವರ್ಷ ಕೆಟ್ಟುಹೋದ ಒಂದು ಎನ್‌ಜೈಮ್‌ನ ಕಥೆ ಹೇಳಲು ಶುರು ಮಾಡಿದರು, ನನ್ನ ಸಮಯ ಅದರಲ್ಲೇ ಮುಗಿಯಿತು. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿ, ನಾನು ಮಾತೇ ಆಡಲಿಲ್ಲ, ಇದು ಹೋಯಿತು ಅಂದೆ.

ಸೀಟು ಸಿಕ್ಕಿದ್ದು ಅಲ್ಲೇ, ಫೆಬ್ರವರಿಯಲ್ಲಿ. ಮಿಕ್ಕ ಎರಡು ಕಡೆ ವೇಟ್‌ಲಿಸ್ಟ್. ಮೀನಿನಿಂದ ಸಿಕ್ಕಿತು ಅಂತ ಹೇಳಲಾರೆ, ಅವರು ಕಾರಣ ಹೇಳುವುದಿಲ್ಲ. ಎಂಕ್ಯಾಟ್ ಚೆನ್ನಾಗಿತ್ತು, ಸ್ಕ್ರೈಬ್ ಕೆಲಸ ಇತ್ತು, ಆ ದಿನ ಆ ಮೇಷ್ಟ್ರಿಗೆ ತಮ್ಮ ಎನ್‌ಜೈಮ್ ನೆನಪಾಯಿತು.

ಮೊನ್ನೆ ಅನಾಟಮಿ ಪರೀಕ್ಷೆಯ ಹಿಂದಿನ ರಾತ್ರಿ ಹಳೇ ಲ್ಯಾಬ್‌ನಿಂದ ಮೇಲ್ ಬಂತು. ಹೊಸದಾಗಿ ಸೇರಿದ ಹುಡುಗನೊಬ್ಬ ಆ ಫೈಲನ್ನು ಮತ್ತೆ ತೆರೆದಿದ್ದಾನಂತೆ. ಟೇಪ್ ಹಾಕಿ ಎಣಿಸಿದ ಮೂಲ ಪಟ್ಟಿ ಸಿಗುತ್ತಿಲ್ಲ, ನಿಮ್ಮ ಹತ್ತಿರ ಇದೆಯಾ ಅಂತ ಕೇಳಿದ್ದ. ಹಳೇ ಲ್ಯಾಪ್‌ಟಾಪ್ ತೆಗೆದು ಹುಡುಕಿದೆ. "ಕೌಂಟ್ ಫೈನಲ್" ಇತ್ತು, "ಕೌಂಟ್ ಫೈನಲ್ 2" ಇತ್ತು, "ಇದೇ ನಿಜವಾದ ಫೈನಲ್" ಅಂತಲೂ ಒಂದು. ಮೂರರಲ್ಲಿ ಯಾವುದು ಟೇಪ್ ಹಾಕಿದ್ದು ಅಂತ ನೋಡಲು ರಾತ್ರಿ ಒಂದೂವರೆ ಆಯಿತು. ಮೂರನ್ನೂ ಕಳಿಸಿ, ಯಾವುದು ಯಾವುದು ಅಂತ ಒಂದು ಚೀಟಿ ಬರೆದು ಜೊತೆಗಿಟ್ಟು, ಮತ್ತೆ ಭುಜದ ನರಗಳಿಗೆ ವಾಪಸ್ ಬಂದೆ.